ರ‍್ಯಾಮ್ ಡಬ್ಬಿಯ ಅಕ್ಷತೆ

ನಮ್ಮ ಮನೆಯ ದೇವರ ಗೂಡಿನಲ್ಲಿ ಅಕ್ಷತೆ ಇರುವುದು ಬೆಳ್ಳಿಯ ಬಟ್ಟಲಿನಲ್ಲಲ್ಲ, ಹಿತ್ತಾಳೆಯ ಭರಣಿಯಲ್ಲೂ ಅಲ್ಲ. ಗೇಣಿಗಿಂತ ತುಸು ಚಿಕ್ಕದಾದ, ಒಳಗಿರುವುದು ಹೊರಗೆ ಕಾಣುವಂಥ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಒಳಗಿನ ವಸ್ತುವನ್ನು ಬರಿಗೈಯಿಂದ ಮುಟ್ಟಬಾರದು ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಬರೆದಿದೆ. ಮೊನ್ನೆ ಪೂಜೆಗೆ ಬಂದ ಭಟ್ಟರು ಅದನ್ನು ಓದಿ, ಮುಂದೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ತೆಗೊಳ್ಳಿ ಭಟ್ರೇ, ಹೆದರ್ಬೇಡಿ. ಅದು ಕಂಪ್ಯೂಟರಿಗೆ ಬರೆದದ್ದು, ನಮಗಲ್ಲ" ಎಂದಳು ನನ್ನ ಅಮ್ಮ.

ಡಬ್ಬಿ ಬಿಸಾಡುವುದು ನಮ್ಮ ಮನೆಯಲ್ಲಿ ಯಾರಿಗೂ ಬಾರದ ವಿದ್ಯೆ. ಡೊಂಬಿವಲಿ ಪೂರ್ವದ ಈ ಪುಟ್ಟ ಫ್ಲ್ಯಾಟಿನಲ್ಲಿ ಮನುಷ್ಯರು ನಾಲ್ವರು: ಅಮ್ಮ, ನಾನು, ನನ್ನ ಹೆಂಡತಿ ಶೈಲಾ ಮತ್ತು ಮಗ ಅಕ್ಷಯ. ಡಬ್ಬಿಗಳ ಗಣತಿಯನ್ನು ಯಾರೂ ಮಾಡಿಲ್ಲ. ಸಿಹಿತಿಂಡಿಯ ಡಬ್ಬಿಯಲ್ಲಿ ಸೂಜಿದಾರ, ಬಿಸ್ಕತ್ತಿನ ಡಬ್ಬಿಯಲ್ಲಿ ಔಷಧಿ, ಔಷಧಿಯ ಡಬ್ಬಿಯಲ್ಲಿ ಏಲಕ್ಕಿ. ಹೊರಗಿನವರು ಯಾರಾದರೂ ನಮ್ಮಲ್ಲಿ ಚಹಾ ಮಾಡಲು ಹೊರಟರೆ ಸಕ್ಕರೆ ಸಿಗುವಷ್ಟರಲ್ಲಿ ನೀರು ಆವಿಯಾಗಿರುತ್ತದೆ. ಮದುವೆಯಾದ ಹೊಸತರಲ್ಲಿ ಶೈಲಾ ಇದನ್ನೆಲ್ಲ ಸರಿಮಾಡಿಯೇ ಸಿದ್ಧ ಎಂದು ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಈಗ ಅವಳೇ ಹಾಲಿನ ಖಾಲಿ ತೊಟ್ಟೆಗಳನ್ನು ತೊಳೆದು, ಒಣಗಿಸಿ, ಮಡಚಿ ಇಡುತ್ತಾಳೆ.

ಇಂಥ ಮನೆಗೆ ಒಂದು ಕಂಪ್ಯೂಟರ್ ಬಂದರೆ ಅದು ಮತ್ತೆ ಹೊರಗೆ ಹೋಗುವುದುಂಟೇ? ಪಕ್ಕದ ಠಾಣೆ ಪೇಟೆಯಲ್ಲಿ ನಾನು ಲೆಕ್ಕಪತ್ರ ನೋಡುತ್ತಿದ್ದ ಆಫೀಸಿನವರು ಹಳೆಯ ಯಂತ್ರಗಳನ್ನು ತೆಗೆದು ಹೊಸತು ತಂದಾಗ, ಬೇಕಾದವರು ಹಳೆಯದನ್ನು ಮನೆಗೆ ಒಯ್ಯಬಹುದು ಎಂದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮಾತ್ರ ರಿಕ್ಷಾ ಕರೆದೆ. ಅದು ಮಲಗಿಕೊಂಡಿರುವ ಜಾತಿಯ ಕಂಪ್ಯೂಟರ್. ಈಗಿನವುಗಳ ಹಾಗೆ ನೆಟ್ಟಗೆ ನಿಲ್ಲುವುದಿಲ್ಲ, ಮೇಜಿನ ಮೇಲೆ ಅಡ್ಡಲಾಗಿ ಬಿದ್ದುಕೊಂಡು ತಲೆಯ ಮೇಲೆ ಮಾನಿಟರನ್ನು ಹೊತ್ತಿರುತ್ತದೆ. ಬಿಸಿ ಹೊರಗೆ ಹೋಗಲೆಂದು ಮೇಲಿನ ಮುಚ್ಚಳದ ತುಂಬ ಉದ್ದುದ್ದ ಸೀಳುಗಳು. ಈ ಸೀಳುಗಳನ್ನು ದಯವಿಟ್ಟು ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತವೆ.

ಅಕ್ಷಯ ಅದನ್ನು ಕರೆಯುವುದೇ 'ಆಜೋಬಾ' ಎಂದು. ಮರಾಠಿಯಲ್ಲಿ ಅಜ್ಜ. ಮಗ ಹುಟ್ಟಿದ್ದು, ಬೆಳೆದದ್ದು ಇಲ್ಲಿಯೇ. ಈಗ ಐರೋಲಿಯಲ್ಲಿ ಕೆಲಸ. ಮನೆಯಲ್ಲಿ ನಾವಾಡುವ ತುಳುವೂ ಅವನಿಗೆ ಅರ್ಥವಾಗುತ್ತದೆ, ಕನ್ನಡವೂ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ಹಿಂದಿಯಲ್ಲಿ. ಆಜೋಬಾನ ಬಟನ್ ಒತ್ತಿ, ಸ್ನಾನಕ್ಕೆ ಹೋಗಿ, ಜಪ ಮುಗಿಸಿ ಬಂದರೆ ಪರದೆಯ ಮೇಲೆ ಇನ್ನೂ ಸ್ವಾಗತ ನಡೆಯುತ್ತಿರುತ್ತದೆ. ನನಗೇನೂ ಅವಸರವಿರಲಿಲ್ಲ. ನಿವೃತ್ತನಾದವನಿಗೆ ತನಗಿಂತ ನಿಧಾನವಾದ ಒಂದು ಜೀವ ಮನೆಯಲ್ಲಿದ್ದರೆ ಅದೇ ಒಂದು ಸಮಾಧಾನ.

ಅವಸರ ಇದ್ದದ್ದು ಅಮ್ಮನಿಗೆ. ದಿನಾ ಸಂಜೆ ನಾಲ್ಕಕ್ಕೆ ಅವಳು ಕಂಪ್ಯೂಟರಿನ ಮುಂದೆ ಕೂತು ಊರ ಕಡೆ ಕಾಪುವಿನಲ್ಲಿರುವ ತನ್ನ ತಂಗಿ ಪದ್ದು ಚಿಕ್ಕಮ್ಮನೊಡನೆ ಮುಖ ನೋಡಿಕೊಂಡು ಮಾತಾಡಬೇಕು. ಚಿಕ್ಕಮ್ಮ ಇರುವುದು ಮಗನ ಮನೆಯಲ್ಲಿ. ಟಯರಿನ ಅಂಗಡಿ ಇಟ್ಟಿರುವ ಆ ಮಗ ಆ ಹೊತ್ತಿಗೆ ಮೊಬೈಲನ್ನು ಒಂದು ಚೆಂಬಿಗೆ ಆನಿಸಿ ಅವಳೆದುರು ನಿಲ್ಲಿಸುತ್ತಾನೆ. ಇಲ್ಲಿ ಮೊಬೈಲು ನಡೆಯುವುದಿಲ್ಲ. ಪೊರೆ ತೆಗೆಸಿದ ಮೇಲೂ ಅಮ್ಮನಿಗೆ ಚಿಕ್ಕ ಪರದೆ ಆಗಿಬರದು. "ಅದರಲ್ಲಿ ಪದ್ದು ಕಡಲೆಕಾಳಿನಷ್ಟು ಕಾಣ್ತಾಳೆ. ಕಡಲೆಕಾಳಿನ ಹತ್ರ ಎಂತ ಮಾತಾಡುವುದು?" ಎನ್ನುತ್ತಾಳೆ.

ಇಬ್ಬರೂ ತುಳುವಿನಲ್ಲಿ ಮಾತಾಡುವುದು ಊರಿನ ಸುದ್ದಿ, ಮೊಣಕಾಲಿನ ಸುದ್ದಿ, ಸೊಸೆಯಂದಿರ ಸುದ್ದಿ. ಮೂರನೆಯದು ಬಂದಾಗ ಅಮ್ಮ ಗುಟ್ಟಿನಲ್ಲಿ ಆಡುತ್ತೇನೆಂದು ಪರದೆಯ ಹತ್ತಿರ ಬಾಯಿ ಒಯ್ಯುತ್ತಾಳೆ. ಕಿವಿ ಮಂದವಾಗಿರುವ ಚಿಕ್ಕಮ್ಮ ಅದಕ್ಕೆ ದೊಡ್ಡದಾಗಿ ಉತ್ತರ ಕೊಡುತ್ತಾಳೆ. ಅಡುಗೆಮನೆಯಲ್ಲಿ ಶೈಲಾ ತನ್ನ ಬಗ್ಗೆ ಕೇಳಿಸಿಕೊಂಡು ನಗುತ್ತಿರುತ್ತಾಳೆ. ನಡುನಡುವೆ ಆಜೋಬಾ ಸ್ತಬ್ಧನಾಗುವುದೂ ಇತ್ತು. ಚಿಕ್ಕಮ್ಮ ಬಾಯಿ ತೆರೆದದ್ದು ತೆರೆದ ಹಾಗೆ, ಎತ್ತಿದ ಕೈ ಎತ್ತಿದ ಹಾಗೆ ನಿಂತುಬಿಡುವಳು. ಅಮ್ಮನಿಗೆ ಅದರಿಂದ ಬೇಸರವೇನೂ ಇರಲಿಲ್ಲ. "ಆಲೋಚನೆ ಮಾಡ್ತಾ ಇದ್ದಾಳೆ" ಎಂದು ಕಾಯುವಳು.

ಹೀಗಿರುವಾಗ ಒಂದು ದಿನ ಅಮ್ಮ ಹೇಳಿದಳು: "ಪದ್ದೂ, ಈ ಸಲ ನವರಾತ್ರಿಗೆ ನೀನು ಇಲ್ಲಿಗೆ ಬಾ. ನಾಲ್ಕು ದಿನ ನನ್ನೊಟ್ಟಿಗೆ ಇದ್ದು ಹೋಗು."

ಪರದೆಯ ಮೇಲೆ ಚಿಕ್ಕಮ್ಮನ ಮೇಲ್ದುಟಿ ಎಡಕ್ಕೆ ಓರೆಯಾಯಿತು. ಮೂಗು ಸುಕ್ಕಾಯಿತು. ಒಂದು ಕಣ್ಣು ಅರ್ಧ ಮುಚ್ಚಿತು. ಅಲ್ಲಿಗೆ ಆಜೋಬಾ ನಿಂತ.

ಅಮ್ಮ ಕಾದಳು. ಆ ಮುಖ ಹಾಗೆಯೇ ಇತ್ತು. ಮೀನಿನ ವಾಸನೆ ಬಡಿದಾಗ ನಮ್ಮ ಅಜ್ಜಿ ಮಾಡುತ್ತಿದ್ದ ಮುಖ ಅದು. ಅಮ್ಮ ಇನ್ನೂ ಸ್ವಲ್ಪ ಕಾದಳು. ನಾನು ಮೌಸ್ ಅಲ್ಲಾಡಿಸಿದೆ, ಕೀಲಿಗಳನ್ನೆಲ್ಲ ಒತ್ತಿದೆ, ಕೊನೆಗೆ ಪ್ಲಗ್ಗನ್ನೇ ಎಳೆದೆ. ಪರದೆ ಕಪ್ಪಾಯಿತು. ಅಮ್ಮ ಎದ್ದು ಒಳಗೆ ಹೋದಳು.

ಮರುದಿನ ನಾಲ್ಕು ಗಂಟೆಗೆ ಅವಳು ಕಂಪ್ಯೂಟರಿಗೆ ಸರಿಯಾಗಿ ಬೆನ್ನು ಹಾಕಿ ಕೂತು ಅಲಸಂಡೆ ಮುರಿಯತೊಡಗಿದಳು. ಅದರ ಮರುದಿನವೂ ಅಲಸಂಡೆ. ನಮಗೆಲ್ಲ ಹೊತ್ತುಹೊತ್ತಿಗೂ ಅಲಸಂಡೆ ಪಲ್ಯ. ಅದು ಹ್ಯಾಂಗ್ ಆದದ್ದು, ಚಿಕ್ಕಮ್ಮನ ತಪ್ಪಲ್ಲ, ಮೆಷಿನ್ನಿನ ತಪ್ಪು ಎಂದು ನಾನು ಬಗೆಬಗೆಯಾಗಿ ವಿವರಿಸಿದೆ.

"ಹ್ಯಾಂಗ್ ಆದದ್ದು ಹೌದು ಮಾರಾಯ" ಎಂದಳು ಅಮ್ಮ. "ಆದ್ರೆ ಮುಖ ಅವಳದ್ದೇ ಅಲ್ವಾ? ಅದನ್ನು ಮೆಷಿನ್ ಮಾಡಿದ್ದಾ?"

ಕಾಪುವಿಗೆ ಫೋನು ಮಾಡಿದರೆ ಅಲ್ಲಿಯೂ ಇದೇ ಕಥೆ. ಚಿಕ್ಕಮ್ಮನ ಮಗ ತಗ್ಗಿದ ಸ್ವರದಲ್ಲಿ, "ಅಮ್ಮನಿಗೆ ಏನೋ ಬೇಜಾರಾಗಿದೆ. ನಾಲ್ಕು ಗಂಟೆ ಆದ ಕೂಡಲೆ ಮಲಗ್ತಾರೆ. ಅಲ್ಲಿ ಎಂತ ಆಯ್ತು?" ಎಂದು ಕೇಳಿದ. ಚಿಕ್ಕಮ್ಮನಿಗೆ ಬೇಜಾರು ಏಕೆಂದು ನನಗೂ ಗೊತ್ತಿರಲಿಲ್ಲ. ಬರೀ ಫೋನಿನಲ್ಲಿ ಮಾತಾಡು ಎಂದರೆ ಅಮ್ಮ ಒಪ್ಪಲಿಲ್ಲ. ಅಕ್ಷಯ ತನ್ನ ಆಫೀಸಿನ ಲ್ಯಾಪ್‌ಟಾಪ್ ತಂದು ಎದುರಿಗಿಟ್ಟರೂ ಒಪ್ಪಲಿಲ್ಲ.

"ಮುಖ ಮಾಡಿದ್ದು ಅದರಲ್ಲಿ. ನೋಡುವುದಿದ್ರೆ ಅದರಲ್ಲೇ ನೋಡ್ಬೇಕು" ಎಂದು ತೀರ್ಪು ಕೊಟ್ಟಳು. "ನಿಲ್ಲದ ಹಾಗೆ ಅದನ್ನು ಸರಿ ಮಾಡು. ಇನ್ನೊಂದು ಸಲ ಅವಳನ್ನು ಕರೀತೇನೆ. ಪುನಃ ಅದೇ ಮುಖ ಮಾಡಿದ್ರೆ, ಆಯ್ತು, ಈ ಜನ್ಮಕ್ಕೆ ಸಾಕು."

ಇಬ್ಬರಿಗೂ ಎಂಬತ್ತರ ಆಸುಪಾಸು. ಈ ಜನ್ಮಕ್ಕೆ ಎಂದರೆ ಎಷ್ಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ನನಗೆ ಗಾಬರಿಯಾಯಿತು. ಸಾಲದ್ದಕ್ಕೆ ಶೈಲಾ ನನ್ನನ್ನು ಅಡುಗೆಮನೆಗೆ ಕರೆದು, "ನಿಮಗೆ ಗೊತ್ತುಂಟಾ? ಅತ್ತೆ ಚಿಕ್ಕಮ್ಮನಿಗೆ ಅಂತ ಆಗಲೇ ಸೀರೆ ತರಿಸಿ ಕಪಾಟಿನಲ್ಲಿ ಇಟ್ಟಿದ್ದಾರೆ. ನಿನ್ನೆ ಅದನ್ನು ತೆಗೆದು ನೋಡಿ ಪುನಃ ಮಡಚಿ ಇಟ್ರು" ಎಂದಳು. ಆ ಸಂಜೆಯೇ ನಾನು ಮಗನನ್ನು ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದೆ.

ಅಕ್ಷಯ ಆಜೋಬಾನನ್ನು ಪರೀಕ್ಷಿಸಿದ. "ರ‍್ಯಾಮ್ ಕಮ್ ಹೈ ಪಪ್ಪಾ" ಎಂದ. ಯಂತ್ರದ ನೆನಪಿನ ಶಕ್ತಿ ಕಡಿಮೆ, ಒಳಗೆ ಅದರ ಎರಡು ಪಟ್ಟಿ ಕೂರುವ ಜಾಗವಿದೆ, ಕೂತಿರುವುದು ಒಂದೇ, ಇನ್ನೊಂದನ್ನು ಹಾಕಿದರೆ ಅಜ್ಜ ಸ್ವಲ್ಪ ಓಡಾಡಬಹುದು ಎಂಬುದು ಅವನ ಹಿಂದಿಯ ಸಾರಾಂಶ. ಹೊಸ ಕಂಪ್ಯೂಟರ್ ತರುವುದೇ ಒಳ್ಳೆಯದು ಎಂಬುದು ಅವನ ಸ್ವಂತ ಅಭಿಪ್ರಾಯ. ಅದನ್ನು ನಾನು ಕೇಳಿಸದವನ ಹಾಗೆ ಇದ್ದೆ.

ಮುಚ್ಚಳ ತೆಗೆದಾಗ ನಾನು, ಶೈಲಾ, ಅಕ್ಷಯ ಮೂವರೂ ಬಾಯಿ ತೆರೆದು ನಿಂತೆವು. ಒಳಗೆ ಧೂಳು ಇರುತ್ತದೆಂದು ಗೊತ್ತಿತ್ತು. ಆದರೆ ಈ ಧೂಳಿಗೆ ಬಣ್ಣವಿತ್ತು. ಅರಿಶಿನ, ಕುಂಕುಮ, ಒಣಗಿ ಕಾಗದವಾದ ಚೆಂಡುಹೂವಿನ ಎಸಳು, ಎಲ್ಲಕ್ಕಿಂತ ಮಿಗಿಲಾಗಿ ಅಕ್ಕಿಕಾಳು. ಫ್ಯಾನಿನ ಸುತ್ತ ಅಕ್ಕಿ, ತಂತಿಗಳ ಸಂದಿಯಲ್ಲಿ ಅಕ್ಕಿ, ಮೂಲೆಮೂಲೆಯಲ್ಲಿ ಅಕ್ಕಿ.

"ಪಪ್ಪಾ, ಯೇ ಕಂಪ್ಯೂಟರ್ ಹೈ ಯಾ ಮಂದಿರ್?" ಎಂದು ಕೇಳಿದ ಅಕ್ಷಯ.

ಪ್ರತಿವರ್ಷ ಆಯುಧ ಪೂಜೆಗೆ ಅಮ್ಮ ಮನೆಯ ಸಕಲ ಯಂತ್ರಗಳಿಗೂ ಗಂಧ ಹಚ್ಚಿ, ಹೂವಿಟ್ಟು, ಅಕ್ಷತೆ ಹಾಕುತ್ತಾಳೆ. ಮಿಕ್ಸರಿಗೆ, ಟಿವಿಗೆ, ವಾಷಿಂಗ್ ಮೆಷಿನ್ನಿಗೆ, ನನ್ನ ಕ್ಯಾಲ್ಕುಲೇಟರಿಗೆ. ಅವಳದು ನಾಲ್ಕು ಕಾಳು ಹಾಕುವ ಕೈಯಲ್ಲ, ಮುಷ್ಟಿ ತುಂಬ ಹಾಕುವ ಕೈ. ಉಳಿದ ಯಂತ್ರಗಳ ಮೈ ಮುಚ್ಚಿರುವುದರಿಂದ ಅಕ್ಷತೆ ಜಾರಿ ನೆಲಕ್ಕೆ ಬೀಳುತ್ತದೆ. ಮಲಗಿದ ಆಜೋಬಾ ಮಾತ್ರ ಅಷ್ಟೂ ವರ್ಷದ ಆಶೀರ್ವಾದವನ್ನು ಮೈಮೇಲಿನ ಸೀಳುಗಳಿಂದ ಹೊಟ್ಟೆಗೆ ಹಾಕಿಕೊಂಡಿದ್ದ. ನಾನು ಪೇಂಟಿನ ಹೊಸ ಬ್ರಶ್ಶು ಹಿಡಿದು ಎಲ್ಲವನ್ನೂ ಗುಡಿಸಿ ತೆಗೆದೆ. ಇನ್ನು ಒಂದು ಕಾಳೂ ಉಳಿದಿಲ್ಲ ಎಂದು ಸಾರಿದೆ.

ಆಮೇಲೆ ಡೊಂಬಿವಲಿ ಸ್ಟೇಶನ್ನಿನ ಹತ್ತಿರದ ಅಂಗಡಿಯಿಂದ ಒಂದು ಪಟ್ಟಿ ತಂದೆ. ಅದರ ಹಲ್ಲುಗಳ ನಡುವೆ ಒಂದು ಕಚ್ಚು ಇರುತ್ತದೆ. ನಮ್ಮ ಆಜೋಬಾನ ಕಚ್ಚು ಒಂದು ಕಡೆ, ತಂದದ್ದರ ಕಚ್ಚು ಇನ್ನೊಂದು ಕಡೆ. ತಿರುಗಿಸಿ ನೋಡಿದೆ, ಮಗುಚಿ ನೋಡಿದೆ. "ಇದು ಹೊಸ ಕಾಲದ ಜಾತಿ ಪಪ್ಪಾ, ಹಳೆಯದನ್ನೇ ತೆಗೆದುಕೊಂಡು ಹೋಗಿ ತೋರಿಸಿ ತನ್ನಿ" ಎಂಬ ಅರ್ಥ ಬರುವ ಹಿಂದಿಯಲ್ಲಿ ಅಕ್ಷಯ ಉಪದೇಶ ಮಾಡಿದ. ಶೈಲಾ ಸೀರೆ ಹಿಡಿದುಕೊಂಡು ಮ್ಯಾಚಿಂಗ್ ಸೆಂಟರಿಗೆ ರವಿಕೆ ಕಣ ಹುಡುಕಲು ಹೋಗುವಾಗ ನಾನು ತಮಾಷೆ ಮಾಡುವುದಿತ್ತು. ಈಗ ನಾನು ಹಳೆಯ ಪಟ್ಟಿಯನ್ನು ಅವಳು ಕೊಟ್ಟ ಸ್ಟೀಲಿನ ಡಬ್ಬಿಯಲ್ಲಿಟ್ಟುಕೊಂಡು ಅದಕ್ಕೆ ಮ್ಯಾಚಿಂಗ್ ಹುಡುಕಲು ಠಾಣೆಯ ಗಾಡಿ ಹತ್ತಿದೆ. ಅವಳು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು, ಅಷ್ಟೆ.

ಗಾಡಿಯಲ್ಲಿ ನನಗೆ ಸಿಕ್ಕಿದ್ದು ಫೋರ್ತ್ ಸೀಟ್. ಮೂವರ ಬೆಂಚಿನಲ್ಲಿ ನಾಲ್ಕನೆಯವನು "ಥೋಡಾ ಸರ್ಕೋ", ಸ್ವಲ್ಪ ಸರಿಯಿರಿ, ಎಂದು ಕೇಳಿ ಕೂರುವುದು ನಮ್ಮ ಲೋಕಲ್ ಗಾಡಿಯ ಹಳೆಯ ಪದ್ಧತಿ. ಅರ್ಧ ದೇಹ ಬೆಂಚಿನ ಮೇಲೆ, ಅರ್ಧ ದೇಹ ದೇವರ ಮೇಲೆ. ರ‍್ಯಾಮು ಎಂದರೇನೆಂದು ನನಗೆ ಆವತ್ತು ಚೆನ್ನಾಗಿ ಅರ್ಥವಾಯಿತು. ಬೆಂಚು ಸಾಲದೆ ಆಜೋಬಾ ಚಿಕ್ಕಮ್ಮನನ್ನು ಫೋರ್ತ್ ಸೀಟಿನಲ್ಲಿ ಕೂರಿಸಿದ್ದಾನೆ, ಅವಳು ಬೀಳದೆ ಇನ್ನೇನು ಮಾಡಿಯಾಳು?

ಮುಂಬ್ರಾ ದಾಟಿ ಕಳವಾ ಬರುವಾಗ ನಾನು ಯಾವಾಗಲೂ ಕಿಟಕಿಯ ಕಡೆ ಕತ್ತು ಚಾಚುತ್ತೇನೆ. ಅಲ್ಲಿ ಅಪ್ಪ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು. ಹೋಟೆಲಿನ ಹಿಂದಿನ ಒಂದೇ ಕೋಣೆಯಲ್ಲಿ ನಮ್ಮ ಸಂಸಾರ. ಹಿಟ್ಟು ರುಬ್ಬುವ ಯಂತ್ರ ನಮ್ಮ ಗೋಡೆಯ ಆಚೆ ಬದಿಯಲ್ಲಿತ್ತು. ಅದು ಸುಮ್ಮನಾದರೆ ನನಗೆ ನಿದ್ದೆಯಿಂದ ಎಚ್ಚರವಾಗುತ್ತಿತ್ತು. ಆಯುಧ ಪೂಜೆಯ ದಿನ ಆ ಯಂತ್ರವನ್ನು ಮೀಯಿಸಿ, ಮಾಲೆ ಹಾಕಿ, ತಕ್ಕಡಿಗೂ ದೋಸೆಯ ಕಾವಲಿಗೂ ಕುಂಕುಮ ಹಚ್ಚುವ ಕೆಲಸ ಅಮ್ಮನದು. ಕೈ ಆಗಲೂ ಧಾರಾಳ. ನಾನು ನನ್ನ ಕಂಪಾಸ್ ಪೆಟ್ಟಿಗೆಯನ್ನೂ ಸಾಲಿನಲ್ಲಿಟ್ಟು, ಕೋನಮಾಪಕಕ್ಕೆ ಹಚ್ಚಿದ ಕುಂಕುಮ ಅಳಿಸಿಹೋಗದಂತೆ ಇಡೀ ವರ್ಷ ಗಣಿತವನ್ನೇ ದೂರವಿಡುತ್ತಿದ್ದೆ.

ಒಂದು ವರ್ಷ ಪೂಜೆಯ ಮರುದಿನ ಬೆಳಿಗ್ಗೆ ಇಡ್ಲಿಗಳು ಗುಲಾಬಿ ಬಣ್ಣಕ್ಕೆ ತಿರುಗಿ ಹೊರಬಂದವು. ರುಬ್ಬುವ ಕಲ್ಲಿನ ಸಂದಿಯಲ್ಲಿ ಎಷ್ಟು ಕುಂಕುಮ ಕೂತಿತ್ತೋ. ಅಡಿಗೆಯವರು ನಡುಗುತ್ತ ಬಂದು ಹೇಳುವಷ್ಟರಲ್ಲಿ ಒಂದು ಪ್ಲೇಟು ಆಗಲೇ ಮೇಜಿಗೆ ಹೋಗಿತ್ತು. ರೈಲ್ವೆ ಕಾರ್‌ಶೆಡ್ಡಿನಲ್ಲಿ ಕೆಲಸ ಮಾಡುವ ಗಿರಾಕಿಯೊಬ್ಬ ಇಡ್ಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಶೇಠ್, ಆಜ್ ಕುಛ್ ಸ್ಪೆಶಲ್ ಹೈ ಕ್ಯಾ?" ಎಂದು ಕೇಳಿದ. ಅಪ್ಪ ರೆಪ್ಪೆ ಮಿಟುಕಿಸದೆ, "ಹಾಂ, ದಸರಾ ಸ್ಪೆಶಲ್" ಎಂದರು. ಅವನು ಇನ್ನೊಂದು ಪ್ಲೇಟು ತರಿಸಿದ. ಮುಂದಿನ ದಸರಾಕ್ಕೆ ಐದಾರು ಜನರನ್ನು ಕರೆದುಕೊಂಡು ಬಂದು ಅದೇ ಇಡ್ಲಿ ಬೇಕೆಂದು ಕೂತ. ಆಮೇಲೆ ಪ್ರತಿ ದಸರಾಕ್ಕೂ ಅಪ್ಪ ಗುಟ್ಟಾಗಿ ಬೀಟ್‌ರೂಟು ತರಿಸಬೇಕಾಯಿತು. ಅಮ್ಮನ ಕೈಯ ಧಾರಾಳಕ್ಕೆ ನಮ್ಮ ಮನೆತನ ಹಿಂದಿನಿಂದಲೂ ಹೀಗೆ ಹೊಂದಿಕೊಂಡು ಬಂದಿದೆ.

ಠಾಣೆಯ ಅಂಗಡಿಯವನು ನನ್ನ ಸ್ಟೀಲಿನ ಡಬ್ಬಿ ನೋಡಿ, ತಿನ್ನಲಿಕ್ಕೆ ಏನೋ ತಂದಿದ್ದೇನೆಂದು ಆಸೆಯಿಂದ ಬಗ್ಗಿದ. ಒಳಗೆ ಹಸಿರು ಪಟ್ಟಿ ಕಂಡು ಸಪ್ಪಗಾದ. "ಕಾಕಾ, ಇತಕಾ ಜುನಾ?" ಎಂದ. ಇಷ್ಟು ಹಳೆಯದೇ ಎಂಬುದು ಪ್ರಶ್ನೆ. ಹಳೆಯದಾದರೂ ಓಡುತ್ತಿದೆ ಎಂದು ನಾನು ನೆಟ್ಟಗೆ ನಿಂತು ಹೇಳಿದೆ. ನನ್ನ ಬಗ್ಗೆಯೇ ಕೇಳಿದ ಹಾಗಾಗಿತ್ತು. ಅವನು ಒಳಗೆ ಹೋಗಿ ಅದೇ ಕಚ್ಚಿನ ಒಂದು ಪಟ್ಟಿ ಹುಡುಕಿ, ತನ್ನ ಮೆಷಿನ್ನಿನಲ್ಲಿ ಹಾಕಿ ತೋರಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕೊಟ್ಟ. ಅದೇ ಡಬ್ಬಿ ಈಗ ದೇವರ ಗೂಡಿನಲ್ಲಿರುವುದು.

ಮನೆಗೆ ಬಂದು ಅಮ್ಮನನ್ನು ಕರೆದು ಕೂರಿಸಿದೆ. ಹಳೆಯ ಪಟ್ಟಿಯನ್ನು ಅದರ ಜಾಗದಲ್ಲಿ ಕೂರಿಸಿ, ಹೊಸದನ್ನು ಪಕ್ಕದ ಖಾಲಿ ಸ್ಲಾಟಿನಲ್ಲಿಟ್ಟು ಒತ್ತಿದೆ. ಎರಡು ಕಡೆಯ ಕೊಂಡಿಗಳು ಟಕ್ ಎಂದು ಮುಚ್ಚಿಕೊಳ್ಳಬೇಕು. ಒಂದು ಮುಚ್ಚಿತು, ಇನ್ನೊಂದು ಮುಚ್ಚಲಿಲ್ಲ. ಸರಿಹೋದೀತು ಎಂದು ಬಟನ್ ಒತ್ತಿದೆ. ಪರದೆ ಕಪ್ಪಾಗಿಯೇ ಉಳಿದು, ಒಳಗಿನಿಂದ ಬೀಪ್, ಬೀಪ್ ಎಂದು ಉದ್ದುದ್ದ ಕೂಗು ಹೊರಟಿತು.

"ಅದು ಅಳ್ತಾ ಉಂಟು" ಎಂದಳು ಅಮ್ಮ. "ಒಳಗೆ ಎಂತದೋ ಚುಚ್ತಾ ಇರ್ಬೇಕು."

ಚುಚ್ಚಲಿಕ್ಕೆ ಅದೇನು ಮಗುವೇ ಎಂದು ನಾನು ರೇಗಿದೆ. ತೆಗೆದು ಹಾಕಿದೆ, ಉಫ್ ಎಂದು ಊದಿ ಹಾಕಿದೆ. ಪಟ್ಟಿಯ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಹಾಕಿದೆ. ಅಂಗಡಿಯವನಿಗೆ ಫೋನು ಮಾಡಿದರೆ "ಜೋರ್ ಸೇ ದಬಾವ್ ಕಾಕಾ" ಎಂದ. ಜೋರಾಗಿ ಒತ್ತಿದರೆ ಅಡಿಯ ಹಸಿರು ಹಲಗೆಯೇ ಹಪ್ಪಳದ ಹಾಗೆ ಬಾಗತೊಡಗಿತು. ಅಕ್ಷಯ ನನ್ನ ಕೈ ಹಿಡಿದುಕೊಂಡ. "ಛೋಡ್ ದೋ ಪಪ್ಪಾ. ಸ್ಲಾಟ್ ಹಾಳಾಗಿದೆ ಅನಿಸುತ್ತೆ. ಅಜ್ಜನನ್ನು ಭಂಗಾರಿಗೆ ಕೊಡೋಣ" ಎಂಬುದನ್ನು ಅವನ ಭಾಷೆಯಲ್ಲಿ, ಸ್ವಲ್ಪ ಮೆಲ್ಲಗೇ ಹೇಳಿದ. ಭಂಗಾರು ಎಂದರೆ ನಮ್ಮಲ್ಲಿ ಗುಜರಿ.

ಅಮ್ಮ ಎದ್ದಳು. "ಬೇಡ ಬಿಡು ಮಗಾ. ನೀನು ಇಷ್ಟು ಓಡಾಡಿದ್ದು ಸಾಕು. ಅವಳ ಮನಸ್ಸಿನಲ್ಲಿ ಇದ್ದದ್ದು ನನಗೆ ಗೊತ್ತಾಯ್ತಲ್ಲ" ಎಂದು ಒಳಗೆ ನಡೆದಳು. ಕಪಾಟಿನ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು. ನನಗೆ ತುಂಬ ದುಃಖವಾಯಿತು. ಹಳೆಯದನ್ನು ಉಳಿಸಿಕೊಂಡು ಬಂದೆನೆಂದು ಮೀಸೆ ತಿರುವುವವನು ನಾನು. ಬೇಕಾದ ದಿನ ಅದು ಕೈಕೊಟ್ಟಿತ್ತು.

ಆಗ ಶೈಲಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಮೊಬೈಲಿನ ಟಾರ್ಚು ಹಾಕಿ ಆಜೋಬಾನ ಹೊಟ್ಟೆಯೊಳಗೆ ಬಗ್ಗಿದಳು. ನಾನೂ ಮಗನೂ ಅಷ್ಟು ಹೊತ್ತು ಕಣ್ಣು ಕೀಲಿಸಿ ನೋಡಿದ ಜಾಗವೇ ಅದು. ಅವಳು ನೋಡಿದ್ದು ಮೊರದಲ್ಲಿ ಅಕ್ಕಿ ಹರಡಿ ಕಲ್ಲು ಹುಡುಕುವಾಗ ನೋಡುವ ಹಾಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ, ಅವಸರವಿಲ್ಲದೆ.

"ಕೇಳಿದ್ರಾ, ಇಲ್ಲೊಂದು ಕಾಳು ಉಂಟು" ಎಂದಳು.

ಸ್ಲಾಟಿನ ಕಿರಿದಾದ ಸಂದಿಯ ತಳದಲ್ಲಿ, ಹೊಲಿದಿಟ್ಟ ಹಾಗೆ ಒಂದು ಅಕ್ಷತೆ ಕಾಳು ಉದ್ದಕ್ಕೆ ಮಲಗಿತ್ತು. ಸಣ್ಣಕ್ಕಿಯ ತುಂಡು. ಧೂಳಿನ ಬಣ್ಣಕ್ಕೇ ತಿರುಗಿತ್ತು. ನನ್ನ ಬ್ರಶ್ಶು ಅದರ ಮೇಲಿಂದ ಹಾದುಹೋಗಿತ್ತು, ನಾನು ಒತ್ತಿ ಒತ್ತಿ ಅದನ್ನು ಇನ್ನಷ್ಟು ಕೂರಿಸಿದ್ದೆ. ಶೈಲಾ ಗುಡಿಸಲಿಕ್ಕೆಂದು ಊರಿನಿಂದ ತಂದ ಹಿಡಿಸೂಡಿಯಿಂದ ಒಂದು ಕಡ್ಡಿ ಮುರಿದು ತಂದು, ತುದಿಯನ್ನು ಹಲ್ಲಿನಿಂದ ಚಪ್ಪಟೆ ಮಾಡಿ, ಕಾಳನ್ನು ಮೆಲ್ಲಗೆ ಎಬ್ಬಿಸಿದಳು. ಅಕ್ಷಯ ಪಟ್ಟಿ ಇಟ್ಟು ಒತ್ತಿದ. ಎರಡೂ ಕೊಂಡಿಗಳು ಟಕ್ ಎಂದವು. ಬಟನ್ ಒತ್ತಿದರೆ ಬೀಪಿಲ್ಲ, ಅಳುವಿಲ್ಲ. ನಾನು ಅಭ್ಯಾಸಬಲದಿಂದ ಸ್ನಾನಕ್ಕೆಂದು ಟವೆಲ್ ಎತ್ತಿಕೊಳ್ಳುವಷ್ಟರಲ್ಲಿ ಆಜೋಬಾ ಎದ್ದು ಕೂತಿದ್ದ.

ಇನ್ನು ಅಮ್ಮನಿಗೆ ಹೇಳುವವರು ಯಾರು? ಅವಳ ಅಕ್ಷತೆಯೇ ಅಡ್ಡವಾಗಿತ್ತೆಂದರೆ ನೊಂದುಕೊಂಡಾಳೆಂದು ನಾನೂ ಶೈಲಾಳೂ ಕಣ್ಣಿನಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ಅಕ್ಷಯ ಆ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ನೇರ ಅವಳ ಬಳಿಗೆ ಹೋಗಿ ತೋರಿಸಿಯೇಬಿಟ್ಟ. ಅಮ್ಮ ಕನ್ನಡಕ ಏರಿಸಿ ನೋಡಿದಳು.

"ಇಷ್ಟು ವರ್ಷ ಅದು ಓಡಿದ್ದು ಇದರಿಂದಲೇ" ಎಂದಳು. "ಬಿಸಾಡ್ಬೇಡ. ಕೊಡು ಇಲ್ಲಿ." ಹೊರಗೆ ಬಂದು ಮೇಜಿನ ಮೇಲಿದ್ದ ಖಾಲಿ ಪ್ಲಾಸ್ಟಿಕ್ ಡಬ್ಬಿಯನ್ನು ಎತ್ತಿ, ಕಾಳನ್ನು ಅದರಲ್ಲಿ ಹಾಕಿ, ಮನೆಯ ಅಕ್ಷತೆಯನ್ನೂ ಅದರೊಳಗೇ ಸುರಿದು, ದೇವರ ಗೂಡಿನಲ್ಲಿಟ್ಟು ಬಂದಳು. ಹೊಂದಿಕೊಳ್ಳಬೇಕಾದವರು ಮತ್ತೆ ನಾವೇ.

ನಾಲ್ಕು ಗಂಟೆಗೆ ಕಾಪುವಿಗೆ ಕರೆ ಹೋಯಿತು. ಅಮ್ಮ ಕಂಪ್ಯೂಟರಿನ ಎದುರು ಸಾಕ್ಷಿ ಹೇಳಲು ಬಂದವರ ಹಾಗೆ ಬಿಗಿಯಾಗಿ ಕೂತಿದ್ದಳು. ಪರದೆಯ ಮೇಲೆ ಚಿಕ್ಕಮ್ಮನೂ ಅಷ್ಟೇ ಬಿಗಿಯಾಗಿ ಕಾಣಿಸಿಕೊಂಡಳು. ಅವಳ ಹಿಂದೆ ಗೋಡೆಯ ಫ್ಯಾನು ಅತ್ತಿತ್ತ ತಿರುಗುತ್ತಿತ್ತು. ಕೊನೆಗೆ ಚಿಕ್ಕಮ್ಮನೇ ಶುರು ಮಾಡಿದಳು.

"ಅಕ್ಕ, ಇವತ್ತು ಕಣ್ಣು ಬಿಟ್ಟುಕೊಂಡು ಕೂತಿದ್ದಿಯಾ?"

"ನನ್ನ ಕಣ್ಣಿಗೆ ಎಂತ ಆಗಿದೆ?"

"ಆವತ್ತು ಕರೆಯುವುದು ಕರೆದು ಕಣ್ಣು ಮುಚ್ಚಿ ಕೂತೆಯಲ್ಲ. ನಾನು ಉತ್ತರ ಹೇಳ್ತಾ ಹೇಳ್ತಾ ಇದ್ದೇನೆ, ನೀನು ಕಣ್ಣೇ ಬಿಡ್ಲಿಲ್ಲ. ಬಾಯಿ ಮಾತಿಗೆ ಕರೆದದ್ದು ಅಂತ ತಿಳ್ಕೊಂಡೆ."

ಇಲ್ಲಿ ಆಜೋಬಾ ನಿಂತಾಗ ಅಲ್ಲಿಯ ಪರದೆಯ ಮೇಲೆ ಅಮ್ಮನೂ ರೆಪ್ಪೆ ಮುಚ್ಚಿದ ಗಳಿಗೆಯಲ್ಲೇ ನಿಂತಿದ್ದಳೆಂದು ನಮಗೆ ಆಗ ತಿಳಿಯಿತು. ಅಮ್ಮ ನನ್ನ ಕಡೆ ತಿರುಗಿದಳು. ನಾನು ಹೌದೆಂದು ತಲೆಯಾಡಿಸಿದೆ. ಆದರೂ ಅವಳು ಪಟ್ಟು ಸಡಿಲಿಸಲಿಲ್ಲ.

"ಅದು ಹಾಗಿರ್ಲಿ. ಈಗ ಪುನಃ ಕೇಳ್ತೇನೆ. ನವರಾತ್ರಿಗೆ ಇಲ್ಲಿಗೆ ಬರ್ತೀಯಾ, ಇಲ್ವಾ?"

ಚಿಕ್ಕಮ್ಮನ ಮೇಲ್ದುಟಿ ಎಡಕ್ಕೆ ಓರೆಯಾಯಿತು. ಮೂಗು ಸುಕ್ಕಾಯಿತು. ಒಂದು ಕಣ್ಣು ಅರ್ಧ ಮುಚ್ಚಿತು. ಅದೇ ಮುಖ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಾಗೆಯೇ ನಿಂತುಬಿಟ್ಟಿತು. ನನ್ನ ಕೈ ತಾನಾಗಿ ಮೌಸಿನ ಕಡೆಗೆ ಹೋಯಿತು. ಅಮ್ಮ ಕುರ್ಚಿಯ ಕೈ ಹಿಡಿದು ಏಳಲು ಹೊರಟಳು.

"ಅಜ್ಜಿ, ಕೂತ್ಕೊ" ಎಂದ ಅಕ್ಷಯ. "ಹ್ಯಾಂಗ್ ಆಗ್ಲಿಲ್ಲ. ಹಿಂದೆ ಫ್ಯಾನ್ ತಿರುಗ್ತಾ ಉಂಟು."

ಅವನ ಬಾಯಿಂದ ಇಡೀ ಒಂದು ಕನ್ನಡ ವಾಕ್ಯ ಬಂದದ್ದನ್ನು ಆ ಹೊತ್ತಿನಲ್ಲಿ ಯಾರೂ ಗಮನಿಸಲಿಲ್ಲ. ಫ್ಯಾನು ತಿರುಗುತ್ತಿತ್ತು. ಚಿಕ್ಕಮ್ಮ ಮಾತ್ರ ನಿಂತಿದ್ದಳು. ಆಮೇಲೆ ಅವಳ ಗಲ್ಲ ಸಣ್ಣಗೆ ನಡುಗಿತು, ಅರ್ಧ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

"ಅಣ್ಣ ಹೋದ ಮೇಲೆ ಹಬ್ಬಕ್ಕೆ ಬಾ ಅಂತ ನನ್ನನ್ನು ಕರೆದವರೇ ಇಲ್ಲ ಅಕ್ಕ" ಎಂದಳು. "ತವರು ಅಂತ ಇನ್ನು ಯಾರಿದ್ದಾರೆ, ಕರೀಲಿಕ್ಕೆ ಯಾರಿದ್ದಾರೆ ಅಂತ ಸುಮ್ಮನಿದ್ದೆ. ಬರ್ತೇನೆ. ಮೊಣಕಾಲು ಏನೇ ಹೇಳ್ಲಿ, ಬರ್ತೇನೆ."

ಅಮ್ಮ ಸೆರಗಿನ ತುದಿ ಹಿಡಿದು ಮಾನಿಟರನ್ನು ಒರೆಸಿದಳು. ಚಿಕ್ಕಮ್ಮನ ಕೆನ್ನೆಯ ಜಾಗದಲ್ಲಿ ಎರಡೆರಡು ಸಲ ಒರೆಸಿದಳು. ಆಮೇಲೆ ನಮ್ಮ ಕಡೆ ತಿರುಗಿ, "ಅಳು ಬರುವ ಮೊದಲು ಪದ್ದು ಚಿಕ್ಕಂದಿನಲ್ಲೂ ಇದೇ ಮುಖ ಮಾಡ್ತಿದ್ದದ್ದು. ನನಗೆ ಮರೆತೇ ಹೋಗಿತ್ತು ನೋಡು" ಎಂದಳು.

ಚಿಕ್ಕಮ್ಮ ಬಂದಳು. ಹಲಸಿನ ಹಪ್ಪಳದ ಕಟ್ಟಿನೊಂದಿಗೆ ಠಾಣೆಯಲ್ಲಿ ಇಳಿದಳು. ಬಂದ ದಿನವೇ ನಾಲ್ಕು ಗಂಟೆಗೆ ಅಕ್ಕತಂಗಿಯರಿಬ್ಬರೂ ಆಫ್ ಮಾಡಿಟ್ಟ ಕಂಪ್ಯೂಟರಿನ ಎದುರು ಒಟ್ಟಿಗೆ ಕೂತು ಮಾತಾಡಿದರು. ಬೇರೆ ಕಡೆ ಕೂತರೆ ಮಾತು ಹೊಳೆಯುವುದಿಲ್ಲವಂತೆ.

ಆಯುಧ ಪೂಜೆಯ ದಿನ ನಾನು ಬೇಗನೆ ಎದ್ದು ಆಜೋಬಾನ ಮೈ ಪೂರ್ತಿ ಎರಡು ಪದರ ಪೇಪರು ಹೊದಿಸಿದೆ. ಧಾರಾಳದ ಕೈ ಈಗ ಒಂದಲ್ಲ, ಒಂದೇ ಮನೆತನದ ಎರಡು. ಅಮ್ಮ ರ‍್ಯಾಮಿನ ಡಬ್ಬಿ ತೆರೆದು ಮುಷ್ಟಿ ತುಂಬ ಅಕ್ಷತೆ ತೆಗೆದಳು. ಆಗಲೇ ಚಿಕ್ಕಮ್ಮ ಹೊಸ ಸೀರೆ ಉಟ್ಟುಕೊಂಡು ಬಂದು, ಮೊಣಕಾಲು ಹಿಡಿದುಕೊಂಡು ಅಕ್ಕನ ಕಾಲಿಗೆ ಬಗ್ಗಿದಳು. ಕಂಪ್ಯೂಟರಿಗೆಂದು ಎತ್ತಿದ್ದ ಮುಷ್ಟಿಯನ್ನು ಅಮ್ಮ ಅವಳ ತಲೆಯ ಮೇಲೆ ಬಿಚ್ಚಿದಳು. ಅಕ್ಕಿ ಅವಳ ಬಿಳಿ ಕೂದಲಿನಲ್ಲಿ ಕೂತಿತು, ಹೆಗಲಿನಿಂದ ಜಾರಿ ಪೇಪರಿನ ಮೇಲೂ ಪಟಪಟನೆ ಬಿತ್ತು.

ಚಿಕ್ಕಮ್ಮ ತಲೆ ಎತ್ತಿದಳು. ಮೇಲ್ದುಟಿ ಎಡಕ್ಕೆ ಓರೆಯಾಯಿತು, ಮೂಗು ಸುಕ್ಕಾಯಿತು. ಅಮ್ಮ ಅವಳ ಮುಖ ನೋಡುತ್ತ ಸುಮ್ಮನೆ ಕಾದಳು.